ಅಂಚು ಕತ್ತರಿಸಿದ ತೀರ್ಪು

ಕಾನೂನು ಶಾಶ್ವತವಾದದ್ದು. ರಾಜರು ಹೋಗುತ್ತಾರೆ, ರಾಜ್ಯಗಳು ಹೋಗುತ್ತವೆ, ಕಾನೂನು ಮಾತ್ರ ನಿಲ್ಲುತ್ತದೆ. ಇದನ್ನು ನಾನು ಅಧಿಕಾರಯುತವಾಗಿ ಹೇಳಬಲ್ಲೆ. ಏಕೆಂದರೆ ಪ್ರತಿ ಶನಿವಾರ ಅದನ್ನು ಮೈದಾ ಗಂಜಿ ಹಚ್ಚಿ ಅಂಟಿಸುತ್ತಿದ್ದವನು ನಾನೇ. ಗಂಜಿ ತೆಳುವಾದ ವಾರ ಕಾನೂನು ಸೋಮವಾರದೊಳಗೆ ಉದುರುತ್ತಿತ್ತು. ಗಟ್ಟಿಯಾದ ವಾರ ಜಿರಲೆ ತಿನ್ನುತ್ತಿತ್ತು.

ತೊಂಬತ್ತರ ದಶಕದ ಶುರುವಿನಲ್ಲಿ ಅರಸೀಕೆರೆಯ ಸ್ಟೇಷನ್ ಕಡೆಯ ಒಂದು ಕಾನೂನು ಲೈಬ್ರರಿಗೆ ನಾನು ಲೈಬ್ರರಿಯನ್ ಆಗಿ ಸೇರಿದೆ. ಹಿರಿಯ ವಕೀಲರೊಬ್ಬರು ಮಕ್ಕಳಲ್ಲಿ ಯಾರೂ ಕಾನೂನು ಓದದೆ ಸುಖವಾಗಿದ್ದುದನ್ನು ಕಂಡು, ತಮ್ಮ ಪುಸ್ತಕಗಳನ್ನೂ ಮನೆಯ ಮುಂದಿನ ಎರಡು ಕೋಣೆಗಳನ್ನೂ ಒಂದು ಟ್ರಸ್ಟಿಗೆ ಬರೆದಿಟ್ಟು ಕಣ್ಣು ಮುಚ್ಚಿದ್ದರು. ಗೋಡೆಯ ಉದ್ದಕ್ಕೂ ಬೀಟೆ ಮರದ ಕಪಾಟುಗಳು. ಅವುಗಳ ಅಂಕಣದ ಎತ್ತರವನ್ನು ಆ ಕಾಲದ ಕಾನೂನು ವರದಿಗಳ ಅಳತೆ ನೋಡಿಯೇ ಮಾಡಿಸಿದ್ದರಂತೆ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಈ ವಿವರ ಆಗ ನನಗೆ ಬಹಳ ಮೆಚ್ಚಿಗೆಯಾಗಿತ್ತು.

ನನ್ನ ಕೆಲಸ ಮೂರು. ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ ತೀರ್ಪುಗಳ ಸಂಚಿಕೆಯನ್ನು ದಾಖಲೆ ಪುಸ್ತಕಕ್ಕೆ ಹತ್ತಿಸಿ ಸೀಲ್ ಒತ್ತುವುದು. ಕಾಯ್ದೆಗೆ ತಿದ್ದುಪಡಿ ಬಂದರೆ ಚೀಟಿ ಅಂಟಿಸುವುದು. ಹೊಸ ತೀರ್ಪೊಂದು ಹಳೆಯದನ್ನು ರದ್ದು ಮಾಡಿದ್ದರೆ, ಹಳೆಯ ಸಂಪುಟ ತೆಗೆದು ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇದು ಈಗ ನಡೆಯದು, ಇಂಥ ಸಂಪುಟ ನೋಡಿ’ ಎಂದು ಬರೆಯುವುದು. ಈ ಮೂರನೆಯ ಕೆಲಸವನ್ನು ಯಾರೂ ನನಗೆ ಹೇಳಿರಲಿಲ್ಲ. ನಾನೇ ಮೇಲೆ ಹಾಕಿಕೊಂಡೆ. ಸತ್ತ ತೀರ್ಪಿಗೆ ಮರಣಪತ್ರ ಕೊಡುವ ಅಧಿಕಾರ ನನ್ನ ಸಂಬಳಕ್ಕೆ ಸ್ವಲ್ಪ ದೊಡ್ಡದೇ ಆಗಿತ್ತು. ಆದರೆ ಕ್ರಮೇಣ ವಕೀಲರು ಅದನ್ನೇ ನೆಚ್ಚಿಕೊಂಡರು. ‘ಲೈಬ್ರರಿಯವರು ಕೆಂಪು ಹಾಕಿಲ್ಲ ಅಂದ್ರೆ ಬದುಕಿದೆ ಅಂತ ಅರ್ಥ ಕಣ್ರೀ’ ಎಂದು ಅವರು ತಮ್ಮ ಜೂನಿಯರುಗಳಿಗೆ ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕೇಳಿ ಸಂತೋಷಪಟ್ಟಿದ್ದೇನೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮಲ್ಲಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ತೀರ್ಪುಗಳ ಒಂದು ವೆಬ್‌ಸೈಟಿಗೆ ಚಂದಾ. ಟೆಲಿಫೋನ್ ತಂತಿಯ ಮೂಲಕ ಅದು ಕಿರುಗುಟ್ಟಿಕೊಂಡು, ಕೆಮ್ಮಿಕೊಂಡು, ಮನಸ್ಸಾದಾಗ ತೆರೆದುಕೊಳ್ಳುತ್ತಿತ್ತು. ಒಂದು ಸಲಕ್ಕೆ ಒಬ್ಬರೇ ನೋಡಬಹುದು, ಪಾಸ್‌ವರ್ಡ್ ಒಂದೇ. ಅದನ್ನು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಹಾಕಿ ಕಬ್ಬಿಣದ ಬೀರುವಿನಲ್ಲಿಟ್ಟೆ. ಲೈಬ್ರರಿಗೆ ಬಂದ ಯಾವುದಕ್ಕೂ ದಾಖಲೆ ಸಂಖ್ಯೆ ಇಲ್ಲದಿರಬಾರದೆಂಬ ನಿಯಮದಂತೆ ವೆಬ್‌ಸೈಟಿಗೂ ಒಂದು ಸಂಖ್ಯೆ ಕೊಟ್ಟೆ. ಸೀಲ್ ಎಲ್ಲಿ ಒತ್ತಬೇಕೆಂದು ತಿಳಿಯದೆ ಮಾನಿಟರಿನ ಬೆನ್ನಿಗೆ ಒತ್ತಿದೆ. ಜೊತೆಗೆ ಬಂದಿದ್ದ ಇಂಗ್ಲಿಷಿನ ಬಳಕೆ ಸೂಚನೆಯ ಪುಸ್ತಕಕ್ಕೆ ರಟ್ಟು ಹಾಕಿಸಿ, ಸಂಖ್ಯೆ ಬರೆದು, ಸರಿಯಾದ ಅಂಕಣದಲ್ಲಿ ಇಟ್ಟೆ. ಓದುವುದೊಂದು ಉಳಿಯಿತು.

ಟ್ರಸ್ಟಿನ ಕಾರ್ಯದರ್ಶಿಗಳು ವಕೀಲರೇ, ಆದರೆ ಮನೆತನದ ಕಸುಬು ಕೊಬ್ಬರಿ ವ್ಯಾಪಾರ. ಗೋದಾಮಿನಲ್ಲಿ ಕಣ್ಣಾರೆ ಕಾಣದ ಸರಕನ್ನು ಅವರು ಸರಕೆಂದು ಒಪ್ಪುತ್ತಿರಲಿಲ್ಲ. ಒಂದು ದಿನ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು ವಿಚಾರಣೆ ನಡೆಸಿದರು.

‘ಚಂದಾ ನಿಲ್ಲಿಸಿದ್ರೆ ಇದ್ರೊಳಗಿರೋ ಪುಸ್ತಕ ಎಲ್ಲಿರುತ್ತೇರೀ?’

‘ಇರೋದಿಲ್ಲ ಸರ್.’

‘ಅಲ್ಲ, ಇಷ್ಟು ದಿನ ನಾವು ಓದಿರೋವು?’

‘ಅವೂ ಇರೋದಿಲ್ಲ.’

‘ಗೋದಾಮಿನ ಬಾಡಿಗೇನೂ ಕೊಟ್ಟು, ಕೊಬ್ಬರೀನೂ ಅವನ ಹತ್ರಾನೇ ಬಿಟ್ಟು ಬಂದಂಗಾಯ್ತಲ್ರೀ! ಇದು ಲೈಬ್ರರಿಯೋ ಟೂರಿಂಗ್ ಟಾಕೀಸೋ? ಮುಖ್ಯವಾದವನ್ನ ಪ್ರಿಂಟ್ ತೆಗೀರಿ. ಬೈಂಡ್ ಮಾಡ್ಸಿ. ಸೀಲ್ ಹಾಕಿ. ಆಮೇಲೆ ಅವನು ಬಾಗ್ಲು ಮುಚ್ಕೊಂಡ್ರೆ ಮುಚ್ಕೊಳ್ಲಿ.’

ಈ ತರ್ಕದಲ್ಲಿ ನನಗೆ ಆಗ ಒಂದು ದೋಷವೂ ಕಾಣಲಿಲ್ಲ. ಕರೆಂಟು ಹೋಗುತ್ತಿತ್ತು, ತಂತಿ ಸಾಯುತ್ತಿತ್ತು; ಕಾಗದ ಎರಡನ್ನೂ ಮಾಡುತ್ತಿರಲಿಲ್ಲ. ಇಂಟರ್ನೆಟ್ ಇದೆಯಲ್ಲ ಎಂದು ಅಂಚೆಯ ಸಂಚಿಕೆಗಳನ್ನೂ ಅದೇ ವರ್ಷ ನಿಲ್ಲಿಸಿದರು. ಅದರ ಅರ್ಥ ನನಗೆ ಹೊಳೆಯಲಿಲ್ಲ. ಹಿಂದೆ ಒಂದು ತೀರ್ಪು ಸತ್ತರೆ ಅಂಚೆಯವನು ಸೂತಕದ ಸುದ್ದಿಯನ್ನು ಬಾಗಿಲಿಗೆ ತರುತ್ತಿದ್ದ. ಈಗ ಸುದ್ದಿ ವೆಬ್‌ಸೈಟಿನಲ್ಲೇ ಬಿದ್ದಿರುತ್ತಿತ್ತು. ನಾವಾಗಿ ಹೋಗಿ ಕೇಳಬೇಕಿತ್ತು. ನಾನು ಕೇಳಲಿಲ್ಲ, ಬೈಂಡ್ ಮಾಡಿಸುತ್ತಿದ್ದೆ.

ಮುಖ್ಯವಾದವು ಯಾವುವೆಂದು ಆರಿಸುವುದು ಹೇಗೆ? ವೆಬ್‌ಸೈಟಿನವರೇ ಸಹಾಯ ಮಾಡಿದ್ದರು. ಕೆಲವು ತೀರ್ಪುಗಳ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಕೆಂಪು ಬಾವುಟ ಇರುತ್ತಿತ್ತು. ಬಾವುಟವನ್ನು ಯಾರೂ ಸುಮ್ಮನೆ ಹಾರಿಸುವುದಿಲ್ಲ, ಗೌರವಕ್ಕೆ ಹಾರಿಸುತ್ತಾರೆ. ಹಾಗೆಂದು ನಿಶ್ಚಯಿಸಿ ಬಾವುಟ ಇದ್ದವನ್ನೇ ಮೊದಲು ಆರಿಸಿ ಮುದ್ರಿಸಿದೆ. ನಮ್ಮ ಪ್ರಿಂಟರಿಗೆ ಕಪ್ಪು ಬಣ್ಣವೊಂದೇ ಗೊತ್ತು. ಕಾಗದದ ಮೇಲೆ ಬಾವುಟ ನೊಣ ಕೂತು ಎದ್ದ ಗುರುತಿನಂತೆ ಮೂಡುತ್ತಿತ್ತು.

ಮುದ್ರಿಸಿದ ಕಾಗದ ಕಪಾಟಿನ ಅಂಕಣಕ್ಕಿಂತ ಉದ್ದವಾಯಿತು. ಅಡ್ಡ ಮಲಗಿಸಿದರೆ ಲೈಬ್ರರಿ ಗುಜರಿ ಅಂಗಡಿಯಂತೆ ಕಾಣುತ್ತದೆ. ಮೇಲೆ ಎರಡು ಬೆರಳು, ಕೆಳಗೆ ಎರಡು ಬೆರಳು ಕತ್ತರಿಸಿದರೆ ಸರಿಹೋಗುತ್ತದೆಂದು ಬೈಂಡರ್ ಅಳೆದು ಹೇಳಿದ. ಮೇಲಿನ ಅಂಚಿನಲ್ಲಿದ್ದದ್ದು ವೆಬ್‌ಸೈಟಿನ ವಿಳಾಸ, ಮುದ್ರಿಸಿದ ದಿನಾಂಕ, ತೀರ್ಪಿನ ಹೆಸರು, ಆ ನೊಣದ ಗುರುತು. ಕೆಳಗಿನ ಅಂಚಿನಲ್ಲಿ ಪ್ರತಿ ಪುಟದಲ್ಲೂ ಇಂಗ್ಲಿಷಿನ ಒಂದೇ ಸಾಲು. ಒಳಗೆ ತೀರ್ಪಿನ ಹೆಸರು ಹೇಗೂ ಮತ್ತೆ ಇತ್ತು. ‘ಹೊಡೀರಿ’ ಎಂದೆ. ಬೈಂಡರ್ ಹೊಡೆದ. ನೀಲಿ ಕ್ಯಾಲಿಕೋ ಬಟ್ಟೆಯ ರಟ್ಟು, ಬೆನ್ನಿನ ಮೇಲೆ ಚಿನ್ನದ ಅಕ್ಷರ. ಹನ್ನೊಂದು ಸಂಪುಟಗಳು ಹಳೆಯವುಗಳ ಪಕ್ಕದಲ್ಲಿ ಹುಟ್ಟಿನಿಂದ ಅಲ್ಲೇ ಇದ್ದಂತೆ ಸಮವಾಗಿ ನಿಂತವು. ಕತ್ತರಿಸಿದ ಪಟ್ಟಿಗಳನ್ನೂ ನಾನು ಎಸೆಯಲಿಲ್ಲ. ಓದುಗರು ಪುಟ ಗುರುತಿಡಲಿ ಎಂದು ಒಂದು ಡಬ್ಬಿಯಲ್ಲಿ ಮೇಜಿನ ಮೇಲಿಟ್ಟೆ.

ಹಳೇಬೀಡಿನ ವಕೀಲರೊಬ್ಬರು ವಾರಕ್ಕೊಮ್ಮೆ ಜಾವಗಲ್ ಮೇಲಿನ ಬಸ್ಸಿನಲ್ಲಿ ನಮ್ಮಲ್ಲಿಗೆ ಬರುತ್ತಿದ್ದರು. ಅವರ ಮನೆಯಲ್ಲಿ ಕಾನೂನು ಓದಿದವರಲ್ಲಿ ಅವರೇ ಮೊದಲಿಗರು. ಆದ್ದರಿಂದ ಪುಸ್ತಕ ಮುಟ್ಟುವ ಮುಂಚೆ ಕೈ ಒರೆಸಿಕೊಳ್ಳುತ್ತಿದ್ದರು. ಒಂದು ಗುರುವಾರ ತಮ್ಮ ಕಕ್ಷಿಗಾರರನ್ನೂ ಕರೆತಂದರು. ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹೆಂಗಸು. ಎಲ್ಲರೂ ಗಿರಣಿಯಮ್ಮ ಎಂದೇ ಕರೆಯುತ್ತಿದ್ದರು. ಮಾವನ ಕಾಲದ ಗಿರಣಿ, ಬಾಡಿಗೆ ಜಾಗ. ಹಿಟ್ಟಿನ ಧೂಳಿಗೆ ಗಂಡನಿಗೆ ಉಬ್ಬಸ ಹತ್ತಿದ ಮೇಲೆ ಇವರೇ ಯಂತ್ರದ ಮುಂದೆ ನಿಂತಿದ್ದರು. ಜಾಗದ ಮಾಲೀಕ ಅದನ್ನು ಕೆಡವಿ ಪ್ರವಾಸಿಗರಿಗೆ ಲಾಡ್ಜ್ ಕಟ್ಟಬೇಕೆಂದು ಬೇಲೂರಿನ ಕೋರ್ಟಿನಲ್ಲಿ ದಾವೆ ಹಾಕಿದ್ದ.

ಬಾಡಿಗೆ ಕಾನೂನು ಕೆಲವು ವರ್ಷಗಳ ಹಿಂದೆ ಬದಲಾಗಿತ್ತು. ಹಳೆಯ ಕಾನೂನು ಇಂಥವರನ್ನು ಕಾಯುತ್ತಿತ್ತು. ಹೊಸದು ಕಾಯುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ನಮ್ಮ ನೀಲಿ ಸಂಪುಟಗಳಲ್ಲಿ ನಾಲ್ಕನೆಯದರಲ್ಲಿ ಇಂಥದೇ ಒಂದು ಅಂಗಡಿಯ ತೀರ್ಪು ಇತ್ತು. ಕಾಯುತ್ತದೆ ಎಂದು ನ್ಯಾಯಮೂರ್ತಿಯೊಬ್ಬರು ಸ್ಪಷ್ಟವಾಗಿ ಬರೆದಿದ್ದರು. ವಕೀಲರು ಅದನ್ನು ಎರಡು ಸಲ ಓದಿ, ಡಬ್ಬಿಯಿಂದ ಮೂರು ಪಟ್ಟಿ ತೆಗೆದು ಪುಟಗಳಿಗೆ ಇಟ್ಟರು.

ಗಿರಣಿಯಮ್ಮ ಸಂಪುಟದ ಮೇಲೆ ಕೈಯಿಟ್ಟರು. ‘ಇದ್ರಲ್ಲಿ ನಮ್ ಗಿರಣಿ ಹೆಸ್ರು ಐತಾ ಸಾ?’

‘ಇಲ್ಲ ಕಣಮ್ಮ, ಬೇರೆ ಯಾರ್ದೋ ಅಂಗಡಿ’ ಎಂದರು ವಕೀಲರು. ‘ಅವರದು ಉಳೀತು ಅಂದ್ರೆ ನಿಮ್ದೂ ಉಳಿಯುತ್ತೆ.’

‘ಅಂಗಾದ್ರೆ ಆವಯ್ಯ ಕೇಳಿದ್ದಕ್ಕೆ ಏನು ಹೇಳನಾ?’

ಮಾಲೀಕ ಕೇಳಿದ್ದು ರಾಜಿ. ಮೂರು ವರ್ಷ ಇರಲಿ, ಆಮೇಲೆ ತಕರಾರಿಲ್ಲದೆ ಬಿಟ್ಟುಕೊಡಲಿ ಎಂದು ಬರೆದುಕೊಡಲು ಅವನು ಒಪ್ಪಿದ್ದ. ಊರ ಹೊರಗೆ ಇವರದೊಂದು ಸಣ್ಣ ಸೈಟಿತ್ತು. ಅಲ್ಲಿ ಶೆಡ್ ಎಬ್ಬಿಸಿ, ಗಿರಣಿಯ ಕರೆಂಟು ಲೈಸೆನ್ಸು ವರ್ಗ ಮಾಡಿಸಿಕೊಳ್ಳಲು ಎರಡು ವರ್ಷವಾದರೂ ಬೇಕು. ಮೂರು ವರ್ಷ ಸಿಕ್ಕರೆ ಗಿರಣಿ ಸ್ಥಳ ಬದಲಿಸುತ್ತಿತ್ತು. ಸಿಗದೆ ಕೇಸೂ ಸೋತರೆ ಗಿರಣಿಯೇ ಇರುವುದಿಲ್ಲ. ಲೆಕ್ಕ ಇಷ್ಟು ಸರಳವಾಗಿತ್ತು, ಆಕೆಗೂ ತಿಳಿದಿತ್ತು.

‘ರಾಜಿ ಮಾಡ್ಕಂಡ್ರೆ ಮೂರೇ ವರ್ಷ. ಗೆದ್ರೆ ಯಾವತ್ತೂ ಬಿಡಂಗಿಲ್ಲ’ ಎಂದರು ವಕೀಲರು. ಆದರೂ ನನ್ನ ಕಡೆ ತಿರುಗಿ, ‘ಸರ್, ಇದು ಈಗ್ಲೂ ನಡೆಯುತ್ತಲ್ವಾ? ಒಂದ್ಸಲ ಕಂಪ್ಯೂಟರಲ್ಲಿ ನೋಡ್ಬಹುದಾ?’ ಎಂದರು.

ಕರೆಂಟು ಇರಲಿಲ್ಲ. ಕರೆಂಟು ಇರಲಿಲ್ಲ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಅದು ಪೂರ್ತಿ ನಿಜವಲ್ಲ. ಆ ಪ್ರಶ್ನೆ ನನಗೆ ಸ್ವಲ್ಪ ಚುಚ್ಚಿತ್ತು. ‘ಸ್ವಾಮಿ, ಕೆಂಪು ಏನಾದ್ರೂ ಕಾಣ್ತಿದೆಯಾ ಅಂಚಿನಲ್ಲಿ?’ ಎಂದು ಕೇಳಿದೆ.

‘ಇಲ್ಲ ಸರ್.’

‘ಮತ್ತೆ?’

ಗಿರಣಿಯಮ್ಮ ನನ್ನನ್ನೇ ನೋಡಿದರು. ‘ನೀವೇಳಿ ಸಾ. ಬ್ಯಾಡ ಅಂದ್ಬಿಡ್ಲಾ ಆವಯ್ಯಂಗೆ?’

‘ನಮ್ಮ ಲೈಬ್ರರಿಯ ಸೀಲ್ ಬಿದ್ದ ಪುಸ್ತಕ ಕಣಮ್ಮ’ ಎಂದೆ. ಇದು ಉತ್ತರವಲ್ಲ. ಆದರೆ ಅವರು ಉತ್ತರವೆಂದೇ ತೆಗೆದುಕೊಂಡರು. ತೆಗೆದುಕೊಳ್ಳಲಿ ಎಂದೇ ನಾನೂ ಹೇಳಿದ್ದೆ. ಮರುದಿನ ರಾಜಿ ಬೇಡವೆಂದು ಮಾಲೀಕನಿಗೆ ಹೇಳಿ ಕಳುಹಿಸಿದರು.

ವಾದದ ದಿನ ಸಂಪುಟ ಬೇಲೂರಿಗೆ ಹೋಗಬೇಕಾಯಿತು. ಲೈಬ್ರರಿಯನ್ ಜೊತೆಯಲ್ಲಿಲ್ಲದೆ ಯಾವ ಪುಸ್ತಕವೂ ಹೊಸಿಲು ದಾಟಬಾರದೆಂಬುದು ನಾನೇ ಮಾಡಿದ್ದ ನಿಯಮ. ಆದ್ದರಿಂದ ನಾಲ್ಕನೆಯ ಸಂಪುಟವನ್ನು ಟವೆಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟು, ತೊಡೆಯ ಮೇಲೆ ಕೂರಿಸಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಜಾವಗಲ್ಲಿನಲ್ಲಿ ಸಂತೆಯ ಜನ ಹತ್ತಿದರು. ‘ಏನ್ ಸಾ, ಮಗೀನಾ?’ ಎಂದು ಪಕ್ಕದವನು ಕೇಳಿದ. ‘ಕಾನೂನು’ ಎಂದೆ. ಅವನು ಸ್ವಲ್ಪ ಸರಿದು ಕೂತ.

ಕೋರ್ಟಿನಲ್ಲಿ ನಮ್ಮ ವಕೀಲರು ಚೆನ್ನಾಗಿಯೇ ವಾದಿಸಿದರು. ನಾನು ಕೊನೆಯ ಬೆಂಚಿನಲ್ಲಿ ಗಿರಣಿಯಮ್ಮನ ಪಕ್ಕ ಕೂತಿದ್ದೆ. ಎದುರು ಕಡೆಯ ವಕೀಲರು ವಯಸ್ಸಾದವರು, ಅವಸರವಿಲ್ಲದ ಮನುಷ್ಯ. ಎದ್ದು ನಿಂತು ಹೇಳಿದ್ದು ಇಷ್ಟೇ: ‘ನನ್ನ ಕಿರಿಯ ಮಿತ್ರರು ಓದಿದ ತೀರ್ಪು ಬಹಳ ಸೊಗಸಾಗಿದೆ, ಸ್ವಾಮಿ. ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದು ಮಾಡಿ ಎರಡು ವರ್ಷವಾಯಿತು.’ ಅದೇ ವೆಬ್‌ಸೈಟಿನಿಂದ ತೆಗೆದ ಹಾಳೆಯೊಂದನ್ನು ಮೇಲೆ ಕೊಟ್ಟರು. ಅವರ ಪ್ರಿಂಟರಿಗೆ ಬಣ್ಣ ಗೊತ್ತಿತ್ತು. ಹೆಸರಿನ ಪಕ್ಕದ ಬಾವುಟ ಕೊನೆಯ ಬೆಂಚಿಗೂ ಕೆಂಪಾಗಿ ಕಾಣುತ್ತಿತ್ತು.

ನ್ಯಾಯಾಧೀಶರು ನಮ್ಮ ಸಂಪುಟವನ್ನು ತರಿಸಿಕೊಂಡರು. ಬೆನ್ನಿನ ಚಿನ್ನದ ಅಕ್ಷರ ನೋಡಿದರು, ಸೀಲ್ ನೋಡಿದರು. ‘ಇದು ಯಾರು ಪ್ರಕಟಿಸಿದ ವರದಿ? ಮುದ್ರಿಸಿದ ತಾರೀಕು ಎಲ್ಲೂ ಇಲ್ಲವಲ್ಲ?’ ಎಂದು ಕೇಳಿದರು. ನ್ಯಾಯಾಧೀಶರು ಪುಟದಿಂದ ಗುರುತಿನ ಪಟ್ಟಿಯೊಂದನ್ನು ಎಳೆದು, ತಿರುಗಿಸಿ, ಅದರ ಮೇಲಿದ್ದ ಇಂಗ್ಲಿಷ್ ಸಾಲನ್ನು ಓದಿದರು. ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ, ಕನ್ನಡದಲ್ಲಿ: ‘ಈ ಪ್ರತಿ ಮುದ್ರಿಸಿದ ದಿನದ್ದು. ಬಳಸುವ ಮೊದಲು ತೀರ್ಪಿನ ಈಗಿನ ಸ್ಥಿತಿಯನ್ನು ನೋಡಿಕೊಳ್ಳಿ.’ ಕೋಣೆಯಲ್ಲಿ ಯಾರೋ ಒಬ್ಬರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಪಟ್ಟಿಯನ್ನು ಇದ್ದ ಪುಟದಲ್ಲೇ ಇಟ್ಟು ಸಂಪುಟವನ್ನು ಮುಚ್ಚಿದರು. ಎದ್ದು ನಿಂತು ಕತ್ತರಿ ನನ್ನದೆಂದು ಹೇಳಲು ಅದು ತಕ್ಕ ಸಮಯವಾಗಿತ್ತು. ನಾನು ಕೂತೇ ಇದ್ದೆ. ವಕೀಲರ ಕುತ್ತಿಗೆ ಹಿಂದಿನಿಂದ ಕೆಂಪಾಗುತ್ತಿದ್ದುದು ಕಾಣುತ್ತಿತ್ತು.

ಹೊರಗೆ ಹೊಂಗೆಯ ಮರದ ಕೆಳಗೆ ಗಿರಣಿಯಮ್ಮ ನನ್ನನ್ನು ತಡೆದರು. ಅಲ್ಲಿ ಹೇಳಿದೆ. ಬಾವುಟ, ಪ್ರಿಂಟರ್, ಅಂಚು, ಬೈಂಡರ್, ಎಲ್ಲವನ್ನೂ. ವಕೀಲರ ತಪ್ಪಲ್ಲವೆಂದೂ ಹೇಳಿದೆ.

‘ಕತ್ತರಿಸಿದ್ರಲ್ಲ, ಅದ್ರಲ್ಲಿ ಏನಂತ ಬರ್ದಿತ್ತು ಸಾ?’

‘ಹುಷಾರು ಅಂತ ಬರೆದಿತ್ತಮ್ಮ.’

‘ಹುಷಾರು ಅಂತ ಬರ್ದಿದ್ದನ್ನ ಯಾಕ್ ಕತ್ತರಿಸಿದ್ರಿ?’

‘ಕಪಾಟಿನಲ್ಲಿ ಸಮ ಕೂರಲಿಲ್ಲ.’

ಅವರು ಬಯ್ಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನನ್ನ ಚೀಲವನ್ನು ನೋಡುತ್ತಾ, ‘ನಂ ಗಿರಣೀಲಿ ಕಲ್ಲು ಸಮ ಕೂರ್ಲಿಲ್ಲ ಅಂದ್ರೆ ಕಲ್ಲು ಕುಟ್ತೀವಿ ಸಾ, ರಾಗಿ ಕತ್ತರ್ಸಕಿಲ್ಲ’ ಎಂದರು. ಆಮೇಲೆ ಬಸ್ಸಿನ ಕಡೆ ಹೋದರು. ನಾನೂ ಅದೇ ಬಸ್ಸಿಗೆ ಹೋಗಬೇಕಾಗಿತ್ತು. ಮುಂದಿನ ಬಸ್ಸಿಗೆ ಹೋದೆ.

ತಿಂಗಳಾದ ಮೇಲೆ ಆದೇಶ ಬಂತು: ತೊಂಬತ್ತು ದಿನದೊಳಗೆ ಜಾಗ ಖಾಲಿ ಮಾಡಬೇಕು. ಅಪೀಲು ಹಾಕಿದರೆ ಮೇಲಿನ ಕೋರ್ಟಿಗೂ ಆ ಇಬ್ಬರು ನ್ಯಾಯಮೂರ್ತಿಗಳ ಮಾತೇ ಕಟ್ಟು. ಆದ್ದರಿಂದ ವಕೀಲರೂ ನಾನೂ ಮಾಲೀಕನ ಮನೆಗೆ ಹೋದೆವು. ಜಗಲಿಯ ಮೇಲೆ ಲಾಡ್ಜಿನ ನಕ್ಷೆ ಹರಡಿಕೊಂಡು ಕೂತಿದ್ದ. ಕಾಫಿ ಕೊಡಿಸಿದ. ಮರ್ಯಾದೆಗೇನೂ ಕಡಿಮೆಯಿರಲಿಲ್ಲ.

‘ಮೂರು ವರ್ಷ ನಾನಾಗೇ ಕೊಟ್ಟಿದ್ದೆ ಕಣ್ರೀ. ಪುಸ್ತಕ ಸಿಕ್ಕೈತೆ, ಬೇಡ ಅಂದ್ರು. ಈಗ ಕೋರ್ಟು ಮೂರು ತಿಂಗಳು ಕೊಟ್ಟೈತೆ. ನಾನು ಕೋರ್ಟಿಗಿಂತ ದೊಡ್ಡೋನಾ?’

‘ಒಂದು ವರ್ಷ ಆದ್ರೂ…’ ಎಂದರು ವಕೀಲರು.

‘ಲಾಯರ್ ಸಾಹೇಬ್ರೇ, ಕಾಫಿ ಆರೋಗ್ತದೆ.’

ಅರಸೀಕೆರೆಗೆ ಬಂದ ಮೇಲೆ ಬಳಕೆ ಸೂಚನೆಯ ಪುಸ್ತಕವನ್ನು ಅದರ ಅಂಕಣದಿಂದ ತೆಗೆದು ಓದಿದೆ. ಕೆಂಪು ಬಾವುಟವೆಂದರೆ ರದ್ದಾದ ತೀರ್ಪು ಎಂಬುದು ಮೂರನೆಯ ಪುಟದಲ್ಲೇ ಇತ್ತು. ಹನ್ನೊಂದು ಸಂಪುಟಗಳನ್ನೂ ಕೆಳಗಿಳಿಸಿ, ಒಂದೊಂದು ತೀರ್ಪನ್ನೂ ವೆಬ್‌ಸೈಟಿನಲ್ಲಿ ಹುಡುಕಿ ತಾಳೆ ನೋಡಿದೆ. ತಂತಿಯ ಆರೋಗ್ಯಕ್ಕೆ ತಕ್ಕಂತೆ ಎರಡು ತಿಂಗಳು ಹಿಡಿಯಿತು. ಬಾವುಟ ನೋಡಿ ಆರಿಸಿದ್ದರಿಂದ ಬದುಕಿದ್ದವು ಕಡಿಮೆ. ನಾಡಿನ ಸತ್ತ ತೀರ್ಪುಗಳನ್ನೆಲ್ಲ ಹುಡುಕಿ ತಂದು, ಅಲಂಕಾರ ಮಾಡಿ, ಸಾಲಾಗಿ ಕೂರಿಸಿದ್ದೆ. ರಾಜೀನಾಮೆ ಬರೆದುಕೊಂಡು ಕಾರ್ಯದರ್ಶಿಗಳ ಬಳಿಗೆ ಹೋದೆ.

ಅವರು ಪೂರ್ತಿ ಕೇಳಿಸಿಕೊಂಡರು. ಹೊರಗೆ ಸ್ಟೇಷನ್ನಿನಿಂದ ಯಾವುದೋ ಗಾಡಿ ಹೊರಡುತ್ತಿತ್ತು; ಅದರ ಸದ್ದು ಕಳೆಯುವವರೆಗೆ ಕಾದು ಹೇಳಿದರು:

‘ಇಷ್ಟು ವರ್ಷ ಜಂಕ್ಷನ್ ಪಕ್ಕದಲ್ಲಿ ಕೂತಿದ್ದೀರಿ. ಕೆಂಪು ಬಾವುಟ ತೋರಿಸಿದ್ರೆ ಗಾಡಿ ನಿಲ್ಲುತ್ತೋ ಹೊರಡುತ್ತೋ ಅಂತ ಒಂದು ದಿನಾನೂ ನೋಡ್ಲಿಲ್ವೇನ್ರೀ?’

ನಾನು ರಾಜೀನಾಮೆಯನ್ನು ಅವರ ಮುಂದಿಟ್ಟೆ.

‘ಬೈಂಡ್ ಮಾಡ್ಸು ಅಂದೋನು ನಾನು. ಅದನ್ನೂ ಬರ್ಕೊಳ್ಳಿ’ ಎಂದು ರಾಜೀನಾಮೆಯನ್ನು ನಾಲ್ಕು ಮಡಿಕೆ ಮಾಡಿ ವಾಪಸ್ಸು ಕೊಟ್ಟರು. ‘ನೀವು ಹೋದ್ರೆ ಬರೋನು ಇದೇ ತಪ್ಪನ್ನ ಮೊದಲಿಂದ ಮಾಡ್ತಾನೆ. ನೀವು ಆಗ್ಲೇ ಮಾಡಿ ಮುಗಿಸಿದ್ದೀರಿ.’

ನೀಲಿ ಸಂಪುಟಗಳನ್ನು ಕಪಾಟಿನಿಂದ ತೆಗೆದು ದಾಖಲೆ ಪುಸ್ತಕದಲ್ಲಿ ವಜಾ ಎಂದು ಬರೆದೆವು. ಅಂದಿನಿಂದ ನಮ್ಮಲ್ಲಿ ಮುದ್ರಿಸಿದ ತೀರ್ಪು ಆ ದಿನಕ್ಕೆ ಮಾತ್ರ. ಹಾಳೆಯ ನಾಲ್ಕೂ ಅಂಚು ಇರಬೇಕು, ತಾರೀಕು ಕಾಣಬೇಕು, ಕೋರ್ಟಿಗೆ ಹೋಗುವ ಬೆಳಿಗ್ಗೆ ಮತ್ತೊಮ್ಮೆ ವೆಬ್‌ಸೈಟು ನೋಡಿ ನಾನು ರುಜು ಹಾಕಬೇಕು, ಕರೆಂಟು ಇಲ್ಲದಿದ್ದರೆ ‘ನೋಡಿಲ್ಲ’ ಎಂದು ಬರೆದೇ ಕೊಡಬೇಕು. ಕಣಕಟ್ಟೆ, ಗೆಂಡೆಹಳ್ಳಿಗಳಿಂದ ಬಂದ ಕಕ್ಷಿಗಾರರು ಈ ವಿಧಿಯೆಲ್ಲ ಮುಗಿಯುವವರೆಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಕೆಲವರು ಗೊಣಗುತ್ತಿದ್ದರು. ಹಳೇಬೀಡಿನ ವಕೀಲರು ಬರುವುದನ್ನು ನಿಲ್ಲಿಸಲಿಲ್ಲ, ಆದರೆ ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ತಾವೇ ಕಂಪ್ಯೂಟರಿನ ಮುಂದೆ ಕೂತು, ತಾವೇ ನೋಡಿಕೊಂಡು, ನಮಸ್ಕಾರ ಹೇಳಿ ಹೋಗುತ್ತಿದ್ದರು.

ಹಳೇಬೀಡಿನಲ್ಲಿ ಊರ ಹೊರಗಿನ ಸೈಟಿನಲ್ಲಿ ಶೆಡ್ಡಿಗೆ ಪಾಯ ತೋಡಿದ್ದರು, ಗಿರಣಿಯ ಲೈಸೆನ್ಸು ವರ್ಗವಾಗಲಿಲ್ಲ. ಯಂತ್ರವನ್ನು ಜಾವಗಲ್ಲಿನವರೊಬ್ಬರು ಬಿಚ್ಚಿಸಿಕೊಂಡು ಹೋದರು. ಆದೇಶವಾದ ಎಂಬತ್ತೆಂಟನೆಯ ದಿನ ಗಿರಣಿಯಮ್ಮ ಬೀಗದ ಕೈಯನ್ನು ಮಾಲೀಕನಿಗೆ ಒಪ್ಪಿಸಿದರು.